ನಾಲ್ಕೆಣಿಕೆಯ ಕೆಂಡ

ಎಣಿಕೆಯಣ್ಣನಿಗೆ ನೂರರವರೆಗೆ ಎಣಿಸಲು ಬರುತ್ತಿತ್ತೋ ಇಲ್ಲವೋ ಯಾರೂ ಪರೀಕ್ಷೆ ಮಾಡಿರಲಿಲ್ಲ. ಎಂಟರವರೆಗೆ ಮಾತ್ರ ಅವನಷ್ಟು ಚೆನ್ನಾಗಿ ಎಣಿಸುವವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಮೂವತ್ತೊಂದು ವರ್ಷ ಅವನು ಮಾಡಿದ ಕೆಲಸವೇ ಅದು. ಬಸ್ ಡಿಪೋದ ಹಿಂದಿನ ಊಟದ ಮನೆಯ ಹಿತ್ತಲಲ್ಲಿ, ತಗಡಿನ ಮಾಡಿನ ಕೆಳಗೆ, ಉದ್ದಕ್ಕೆ ಸೀಳಿದ ಡ್ರಮ್ಮಿನಲ್ಲಿ ಇದ್ದಿಲು ಹೊತ್ತಿಸಿ, ಅದರ ಮೇಲಿನ ಕಬ್ಬಿಣದ ಜಾಲರಿಯಿಂದ ಒಂದು ಗೇಣು ಎತ್ತರದಲ್ಲಿ ಬಲ ಅಂಗೈ ಹಿಡಿದು, ಕೈ ತಡೆಯಲಾರದಷ್ಟು ಹೊತ್ತು ಎಣಿಸುವುದು.

ಎರಡಕ್ಕೇ ಕೈ ಹಿಂದೆ ಬಂದರೆ ಅದು ಮಾಂಸದ ಕೆಂಡ. ನಾಲ್ಕಕ್ಕೆ ಬಂದರೆ ಮೀನಿನದು. ಆರಕ್ಕೆ ಜೋಳ, ಆಲೂಗಡ್ಡೆ, ಈರುಳ್ಳಿ. ಎಂಟರವರೆಗೂ ತಡೆಯಿತೆಂದರೆ ಬ್ರೆಡ್ಡು ಬಿಸಿ ಮಾಡಬಹುದು, ಇಲ್ಲವೇ ಅಡುಗೆಯವರೇ ಸುತ್ತ ನಿಂತು ಚಳಿ ಕಾಯಿಸಿಕೊಳ್ಳಬಹುದು. ಈ ವಿದ್ಯೆಯನ್ನು ಅವನಿಗೆ ಕೊಟ್ಟದ್ದು ಅವನಿಗಿಂತ ಮೊದಲು ಆ ಒಲೆಯ ಮುಂದೆ ನಿಂತಿದ್ದ ಒಬ್ಬ ಮುದುಕ. ಮುದುಕನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಇನ್ನೊಂದರ ಮೇಲೆ ಅವನಿಗೇ ನಂಬಿಕೆಯಿರಲಿಲ್ಲ. "ಕೆಂಡ ಮಧ್ಯಾಹ್ನ ನೋಡಿದ್ರೆ ಬೂದಿ, ಸಂಜೆ ನೋಡಿದ್ರೆ ಬೆಂಕಿ. ಕಣ್ಣು ಸುಳ್ಳು ಹೇಳುತ್ತೆ ಕಣೋ, ಕೈ ಹೇಳಲ್ಲ" ಎಂದು ಅವನು ಹೇಳಿಕೊಟ್ಟ. ಪಾತ್ರೆ ತೊಳೆಯಲು ಬಂದಿದ್ದ ಎಣಿಕೆಯಣ್ಣ ಆ ಮಾತನ್ನು ನಂಬಿ ಒಲೆಗೆ ಬಂದ, ಮುದುಕ ಹೋದ ಮೇಲೆ ಒಲೆಯನ್ನೇ ತನ್ನದು ಮಾಡಿಕೊಂಡ.

ಕಲಿತದ್ದಕ್ಕೆ ಅವನು ತನ್ನದೂ ಒಂದಿಷ್ಟು ಸೇರಿಸಿದ್ದ. ಇದ್ದಿಲು ಹೊತ್ತಿ, ಮೇಲೆಲ್ಲ ಬೂದಿ ಹೊದ್ದ ಮೇಲೆ, ಕೆಂಡವನ್ನು ಡ್ರಮ್ಮಿನ ತುಂಬ ಹರಡುತ್ತಿರಲಿಲ್ಲ. ಅಷ್ಟನ್ನೂ ಎಡಕ್ಕೆ ಸರಿಸಿ ಗುಡ್ಡೆ ಹಾಕಿ ಬಲಗಡೆಯನ್ನು ಖಾಲಿ ಬಿಡುತ್ತಿದ್ದ. ಕೆಂಡವಿದ್ದ ಕಡೆಗೆ ಅತ್ತೆಮನೆ ಎಂದು ಹೆಸರು. ಖಾಲಿ ಕಡೆಗೆ ತವರುಮನೆ. ಮೀನು ಮೊದಲು ಅತ್ತೆಮನೆಯಲ್ಲಿ ಬಣ್ಣ ತಿರುಗಬೇಕು. ಎಣ್ಣೆ ತೊಟ್ಟಿಕ್ಕಿ ಕೆಳಗಿನಿಂದ ಉರಿ ಎದ್ದರೆ ನೀರು ಚಿಮುಕಿಸಬಾರದು, ಬೂದಿಯೆಲ್ಲ ಹಾರಿ ಮೀನಿಗೆ ಅಂಟುತ್ತದೆ. ಇಕ್ಕಳದಲ್ಲಿ ಹಿಡಿದು ತವರಿಗೆ ಕಳಿಸಬೇಕು. ಅಲ್ಲಿ ಮುಚ್ಚಳ ಹಾಕಿ, ಡ್ರಮ್ಮಿನ ಬುಡದ ಗಾಳಿ ಕಿಂಡಿಯನ್ನು ಅರ್ಧ ತೆರೆದರೆ, ಒಳಗಿನದು ನಿಧಾನವಾಗಿ ಬೇಯುತ್ತದೆ. "ಅತ್ತೆಮನೇಲಿ ಬೇಯೋದಲ್ಲ, ಬರೀ ಸುಡೋದು. ನಿಜವಾಗಿ ಬೇಯೋದು ತವರಲ್ಲಿ ಕೂತು ಯೋಚನೆ ಮಾಡುವಾಗ" ಎಂದು ಹೊಸಬರಿಗೆ ಹೇಳುತ್ತಿದ್ದ. ಅವನ ಹೆಂಡತಿ ಈ ಮಾತನ್ನು ನೂರು ಸಲ ಕೇಳಿದ್ದಳು, ಒಮ್ಮೆಯೂ ನಕ್ಕಿರಲಿಲ್ಲ.

ಹೆಂಡತಿ ಬೀದಿಯ ತಿರುವಿನಲ್ಲಿ, ಒಂದು ಮೂರಂತಸ್ತಿನ ಮನೆಯ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಅವಳದು ಕೆಂಡ ತುಂಬುವ ಹಳೇ ಇಸ್ತ್ರಿ ಪೆಟ್ಟಿಗೆ. ಹೀಗೆ ಗಂಡನಿಗೂ ಹೆಂಡತಿಗೂ ಇದ್ದಿಲೇ ಅನ್ನ. ಆ ಇದ್ದಿಲನ್ನು ಇಬ್ಬರಿಗೂ ತಂದುಕೊಡುತ್ತಿದ್ದವನು ಹೆಂಡತಿಯ ತಮ್ಮ. ತಳ್ಳುಗಾಡಿಯಲ್ಲಿ ಗೋಣಿಚೀಲಗಳನ್ನು ಹೇರಿಕೊಂಡು ಊರಿನ ಊಟದ ಮನೆಗಳಿಗೆಲ್ಲ ಇದ್ದಿಲು ಹಾಕುವುದು ಅವನ ವ್ಯಾಪಾರ. ಅಕ್ಕನಿಗೆ ತವರು ಎಂದು ಉಳಿದಿದ್ದವನು ಅವನೊಬ್ಬನೇ. ಭಾವನಿಗೂ ಭಾಮೈದನಿಗೂ ಇಪ್ಪತ್ತೈದು ವರ್ಷ ಒಂದು ಮಾತು ಮೇಲೆ ಕೆಳಗೆ ಆಗಿರಲಿಲ್ಲ. ಆಗುವುದಕ್ಕೆ ಇಬ್ಬರೂ ಅಷ್ಟು ಮಾತಾಡುವವರೂ ಆಗಿರಲಿಲ್ಲ.

ಆರು ತಿಂಗಳ ಹಿಂದೆ, ಒಂದು ಮಂಗಳವಾರ, ಮೊದಲ ಮೀನು ವಾಪಸ್ ಬಂತು. ತಂದವನು ಬಡಿಸುವ ಕೆಲಸದವನು, ಐವತ್ತು ದಾಟಿದ ಗೃಹಸ್ಥ. ಯಾರ ತಟ್ಟೆಯಲ್ಲಿ ಏನಾಯಿತೆಂದು ಎಲ್ಲರಿಗೂ ತಿಳಿಸುವುದು ತನ್ನ ಕರ್ತವ್ಯವೆಂದು ಅವನು ತಿಳಿದಿದ್ದರಿಂದ ಅವನಿಗೆ ವರದಿ ಎಂದೇ ಹೆಸರಾಗಿತ್ತು.

"ಹೊರಗೆ ಇದ್ದಿಲು, ಒಳಗೆ ಹಸಿ," ಎಂದು ಅವನು ಒಪ್ಪಿಸಿದ. "ನಾಲ್ಕನೇ ಟೇಬಲ್ಲು. ಬೆಕ್ಕಿಗೆ ಹಾಕಿ ಅಂದ್ರು. ಹಾಕಿದೆ. ಬೆಕ್ಕು ಮೂಸಿ ನೋಡಿ ಹೋಯ್ತು."

ಎಣಿಕೆಯಣ್ಣ ಕೆಂಡದ ಮೇಲೆ ಅಂಗೈ ಹಿಡಿದ. ನಾಲ್ಕಾಯಿತು, ಐದಾಯಿತು, ಆರಾಯಿತು. ಕೈಗೆ ಬೆಚ್ಚಗೆ ಅನ್ನಿಸಿತೇ ಹೊರತು ಸುಡಲಿಲ್ಲ. ಕೆಂಡದಲ್ಲಿ ಜೀವವಿಲ್ಲ ಎಂದು ತೀರ್ಮಾನಿಸಿ ಇನ್ನೆರಡು ಬೊಗಸೆ ಇದ್ದಿಲು ಸುರಿದು, ಗಾಳಿ ಕಿಂಡಿ ಪೂರಾ ತೆಗೆದ. ಮುಂದಿನ ಮೀನು ಇನ್ನೂ ಕಪ್ಪಾಗಿ ಬಂತು.

ಓದುವವರನ್ನು ಸುಮ್ಮನೆ ಕಾಯಿಸುವುದು ಬೇಡ. ಕೆಂಡ ಸರಿಯಾಗಿತ್ತು, ಸರಿ ಇಲ್ಲದಿದ್ದದ್ದು ಅಂಗೈ. ಅದು ಯಾವಾಗಲೋ, ಯಾರಿಗೂ ಹೇಳದೆ, ಬಿಸಿ ತಿಳಿಯುವುದನ್ನು ನಿಲ್ಲಿಸಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಅಂಗೈಗೇ ಏನೂ ತಿಳಿಯದೆ ಹೋದರೆ ಏನು ಬೇಕು ಎಂಬುದನ್ನು ಗಾದೆ ಮಾಡಿದವರು ಹೇಳಿಲ್ಲ.

ಸುಳಿವುಗಳೇನೋ ಇದ್ದವು. ಮನೆಯಲ್ಲಿ ಹೆಂಡತಿ ಚಹಾ ಕೊಟ್ಟರೆ ಲೋಟವನ್ನು ಮುಷ್ಟಿಯಲ್ಲಿ ಹಿಡಿದು, "ಆರಿಹೋಗಿದೆ" ಎಂದು ವಾಪಸ್ ಕೊಡುತ್ತಿದ್ದ. ಅವಳು ಮತ್ತೆ ಕುದಿಸಿ ತರುತ್ತಿದ್ದಳು. ಅದನ್ನು ಕುಡಿದು ನಾಲಿಗೆ ಸುಟ್ಟುಕೊಂಡು, "ಏನು ಹೀಗೆ ಕುದಿಸಿದ್ದೀಯ" ಎಂದು ರೇಗುತ್ತಿದ್ದ. ವಯಸ್ಸಾದ ಮೇಲೆ ಗಂಡಸರು ಹೀಗಾಗುತ್ತಾರೆ ಎಂದು ಅವಳು ಯೋಚಿಸಿ ಸುಮ್ಮನಾಗಿದ್ದಳು.

ಅವನು ಮಾತ್ರ ಸುಮ್ಮನಾಗಲಿಲ್ಲ. ಮೂರನೇ ದಿನ ಭಾಮೈದ ಗಾಡಿ ತಂದು ನಿಲ್ಲಿಸಿದಾಗ, ಊಟದ ಮನೆಯ ಮುಂಬಾಗಿಲಿನಲ್ಲಿ, ಡಿಪೋದ ಜನ ಊಟಕ್ಕೆ ಬರುವ ಹೊತ್ತಿಗೆ ಸರಿಯಾಗಿ, ಬೀದಿಗೆಲ್ಲ ಕೇಳುವಂತೆ ಕೂಗಿದ. "ಏನಯ್ಯಾ, ಇದ್ದಿಲಿಗೆ ನೀರು ಕುಡಿಸಿ ತೂಕ ಹಾಕ್ತೀಯಾ? ಇದರಲ್ಲಿ ಬಿಸಿಯೇ ಇಲ್ಲ! ಮನೆಯವನು ಅಂತ ನಂಬಿದ್ದಕ್ಕೆ ನನ್ನ ಒಲೆಗೇ ನೀರು ಹಾಕಿದೆಯಲ್ಲ!"

ಭಾಮೈದ ಇಳಿಸಿದ್ದ ಚೀಲವನ್ನು ಮತ್ತೆ ಗಾಡಿಗೆ ಹಾಕಿಕೊಂಡು ಹೋದ. ಮಾತು ಅವನಿಗಿಂತ ಮುಂದೆ ಹೋಗಿತ್ತು. ಒಂದು ವಾರದಲ್ಲಿ ಇನ್ನೂ ಮೂರು ಊಟದ ಮನೆಯವರು ಅವನ ಒದ್ದೆ ಇದ್ದಿಲು ತಮಗೆ ಬೇಡ ಎಂದರು. ಅಂದಿನಿಂದ ಅವನ ಗಾಡಿ ಅಕ್ಕನ ಇಸ್ತ್ರಿ ಮೇಜಿನ ಮುಂದೆಯೇ ಹಾದುಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಅಕ್ಕ ಬಟ್ಟೆಯ ಮಡಿಕೆ ನೋಡುತ್ತಿದ್ದಳು, ತಮ್ಮ ಗಾಡಿಯ ಚಕ್ರ ನೋಡುತ್ತಿದ್ದ.

ಎಣಿಕೆಯಣ್ಣ ಬೇರೆ ವ್ಯಾಪಾರಿಯಿಂದ ತರಿಸಿದ. ಅದರಲ್ಲೂ ಬಿಸಿ ಇರಲಿಲ್ಲ. ಇನ್ನೊಬ್ಬನಿಂದ ತರಿಸಿದ. ಅವನೂ ಕಳ್ಳನೇ. ಊರಿನ ಇದ್ದಿಲಿನವರೆಲ್ಲ ಸೇರಿ ತನ್ನೊಬ್ಬನನ್ನು ಹಾಳು ಮಾಡಲು ಹೊರಟಿದ್ದಾರೆ ಎಂಬುದು ಅವನಿಗೆ ಖಚಿತವಾಯಿತು.

"ಮೂರು ಜನರ ಇದ್ದಿಲೂ ನನ್ನ ಪೆಟ್ಟಿಗೇಲಿ ಚೆನ್ನಾಗೇ ಇದೆ," ಎಂದಳು ಹೆಂಡತಿ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಬಟ್ಟೆ ಬೇರೆ, ಮೀನು ಬೇರೆ," ಎಂದ ಅವನು. ಇದು ಯಾರೂ ತಳ್ಳಿಹಾಕಲಾಗದ ಮಾತು.

ಊಟದ ಮನೆಯ ಯಜಮಾನಿ ಗಲ್ಲಾದ ಹಿಂದೆ ಕುಳಿತು ಆರು ತಿಂಗಳು ನೋಡಿದಳು. ಅವಳು ಗಂಡ ಸತ್ತ ಮೇಲೆ ಅಂಗಡಿಯನ್ನು ನಡೆಸಿಕೊಂಡು ಬಂದವಳು. ಕೂಗಾಡುವವಳಲ್ಲ, ಹೇಳಿದ ಮಾತು ತಪ್ಪುವವಳೂ ಅಲ್ಲ. ಒಂದು ಬುಧವಾರ ಹಿತ್ತಲಿಗೆ ಬಂದು ಒಂದು ಬಣ್ಣದ ಪುಸ್ತಕ ತೋರಿಸಿದಳು. ಅದರಲ್ಲಿ ಹೊಳೆಯುವ ಗ್ಯಾಸ್ ಒಲೆಯ ಚಿತ್ರವಿತ್ತು. ತಿರುಗಿಸುವ ಗುಂಡಿಗಳಿದ್ದವು. ಎಣಿಸುವ ಅಗತ್ಯವಿರಲಿಲ್ಲ.

"ಭಾನುವಾರ ಡಿಪೋದ ದೊಡ್ಡ ಮೆಕ್ಯಾನಿಕ್ ರಿಟೈರ್ ಆಗ್ತಾರೆ. ಅರವತ್ತು ಜನರ ಊಟ ಇಲ್ಲೇ. ಎಲ್ಲರಿಗೂ ಮೀನು," ಎಂದಳು. "ಎಣಿಕೆಯಣ್ಣಾ, ಒಂದು ತಟ್ಟೆ ವಾಪಸ್ ಬಂದ್ರೂ ಸೋಮವಾರ ಇದನ್ನ ತರಿಸ್ತೀನಿ. ನೀವು ಒಳಗೆ ಈರುಳ್ಳಿ ಹೆಚ್ಚೋ ಕಡೆ ಇರಬಹುದು. ಕೆಲಸದಿಂದ ತೆಗೆಯೋಲ್ಲ, ಅದಕ್ಕೆ ಹೆದರ್ಬೇಡಿ."

ಕೆಲಸದಿಂದ ತೆಗೆದಿದ್ದರೆ ಅವನಿಗೆ ಅಷ್ಟು ಬೇಜಾರಾಗುತ್ತಿರಲಿಲ್ಲ. ಮೂವತ್ತೊಂದು ವರ್ಷ ಕೆಂಡದ ಮುಂದೆ ನಿಂತವನು ಈರುಳ್ಳಿಯ ಮುಂದೆ ಕುಳಿತು ಕಣ್ಣೀರು ಹಾಕುವುದನ್ನು ವರದಿ ಟೇಬಲ್ಲಿಂದ ಟೇಬಲ್ಲಿಗೆ ಒಪ್ಪಿಸುತ್ತಾನೆ ಎಂಬುದನ್ನು ನೆನೆದೇ ಅವನಿಗೆ ಆ ದಿನದ ಊಟ ಸೇರಲಿಲ್ಲ.

ಗುರುವಾರ ಬೆಳಿಗ್ಗೆ ಹೆಂಡತಿಯ ಮೇಜಿನ ಹತ್ತಿರ ಹೋದ. ಅವಳು ಆಗತಾನೇ ಪೆಟ್ಟಿಗೆಗೆ ಕೆಂಡ ತುಂಬಿ, ಮುಚ್ಚಳ ಹಾಕಿ, ಯಾರದೋ ಬಿಳಿ ಅಂಗಿಯನ್ನು ಹರಡುತ್ತಿದ್ದಳು. ಅವನು ಮೂರನೇ ವ್ಯಾಪಾರಿಯ ವಿಚಾರ ಶುರು ಮಾಡಿದ. ಅವಳು ಅಂಗಿಯ ಕಾಲರು ನೋಡುತ್ತಿದ್ದಳು. ಅವಳು ಕೇಳುತ್ತಿಲ್ಲವೆಂದು ಅವನಿಗೆ ಕೋಪ ಬಂತು.

"ಇಲ್ಲಿ ನೋಡು, ನಿನ್ನ ಪೆಟ್ಟಿಗೇನೂ ಅಷ್ಟೇ. ಬೆಚ್ಚಗೂ ಇಲ್ಲ," ಎಂದು ಎಡಗೈಯಲ್ಲಿ ಪೆಟ್ಟಿಗೆ ಎತ್ತಿ, ಬಲ ಅಂಗೈಯನ್ನು ಅದರ ತಳಕ್ಕೆ ಒತ್ತಿ ಹಿಡಿದ.

ಒಂದು, ಎರಡು. ಸೀದ ವಾಸನೆ ಬಂತು. ಅವನು ಅಂಗಿಯ ಕಡೆ ನೋಡಿದ, ಅದು ಸುಟ್ಟಿತೇನೋ ಎಂದು. ಅಷ್ಟರಲ್ಲಿ ಹೆಂಡತಿ ಚೀರಿದಳು. ಸುಟ್ಟದ್ದು ಅವನ ಕೈ, ಚೀರಿದ್ದು ಅವಳು.

"ಏನಾಯ್ತೇ?" ಎಂದ ಅವನು, ಪೆಟ್ಟಿಗೆಯನ್ನು ನಿಧಾನವಾಗಿ ಕೆಳಗಿಟ್ಟು.

ಅವಳು ಅವನ ಕೈ ತಿರುಗಿಸಿ ನೋಡಿದಳು. ಪೆಟ್ಟಿಗೆಯ ಮೂತಿಯ ಆಕಾರದಲ್ಲಿ ಚರ್ಮ ಬಿಳಿಚಿ ಎದ್ದು ಬರುತ್ತಿತ್ತು. ಅವನೂ ನೋಡಿದ. ಬೇರೆ ಯಾರದೋ ಕೈಯನ್ನು ನೋಡಿದಂತೆ ನೋಡಿದ.

ಡಾಕ್ಟರು ಸೂಜಿಯ ತುದಿಯಿಂದ ಎರಡೂ ಅಂಗೈ, ಎರಡೂ ಪಾದ ಚುಚ್ಚಿ ನೋಡಿದರು. ರಕ್ತ ಪರೀಕ್ಷೆ ಮಾಡಿಸಿದರು. "ಸಕ್ಕರೆ ಕಾಯಿಲೆ. ಎಷ್ಟು ವರ್ಷದಿಂದ ಇದೆಯೋ ಏನೋ. ನರಗಳಿಗೆ ಪೆಟ್ಟಾಗಿದೆ, ಅದಕ್ಕೇ ಕೈಗೂ ತಿಳಿಯಲ್ಲ, ಕಾಲಿಗೂ ತಿಳಿಯಲ್ಲ. ಹೋದದ್ದು ವಾಪಸ್ ಬರೋದು ಕಷ್ಟ. ಇರೋದನ್ನ ಉಳಿಸಿಕೊಳ್ಳಿ. ಬೆಂಕಿ ಹತ್ತಿರ ಜೋಪಾನ," ಎಂದು ಪಟ್ಟಿ ಕಟ್ಟಿ, ಮಾತ್ರೆ ಬರೆದುಕೊಟ್ಟರು.

"ಹಾಗಾದ್ರೆ ಇದ್ದಿಲು?" ಎಂದು ಎಣಿಕೆಯಣ್ಣ ಕೇಳಿದ.

"ಯಾವ ಇದ್ದಿಲು?" ಎಂದರು ಡಾಕ್ಟರು.

ಮನೆಗೆ ಬಂದು ಅವನು ಗೋಡೆಗೆ ಒರಗಿ ಕುಳಿತ. ಕೈ ಈಗಲೂ ನೋಯುತ್ತಿರಲಿಲ್ಲ. ಅದೇ ಅವನನ್ನು ಹೆದರಿಸಿತು. ಆರು ತಿಂಗಳ ಮೀನುಗಳು ಒಂದೊಂದಾಗಿ ನೆನಪಾದವು. "ಯಾರಿಗೂ ಹೇಳ್ಬೇಡ. ಭಾನುವಾರ ಹೇಗೋ ಕಳೀಲಿ," ಎಂದ.

ಹೆಂಡತಿ ಮಡಿಸುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟಳು. "ನಿಮ್ಮ ಒಲೇಲಿ ಮೀನಿಗೂ ಒಂದು ತವರುಮನೆ ಅಂತ ಇದೆ," ಎಂದಳು. "ನನಗೆ ಆರು ತಿಂಗಳಿಂದ ಇಲ್ಲ."

ಅವಳು ಅತ್ತಿದ್ದರೆ ಅವನು ಏನಾದರೂ ಹೇಳುತ್ತಿದ್ದ. ಅವಳು ಅಳಲಿಲ್ಲ, ಬಟ್ಟೆ ಮಡಿಸುವುದನ್ನು ಮುಂದುವರಿಸಿದಳು. ಅವನಿಗೆ ನಾಚಿಕೆಯಾಯಿತು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವನಿಗೆ ಇಷ್ಟು ನಾಚಿಕೆಯಾದದ್ದು ಇದೇ ಮೊದಲು.

ಶುಕ್ರವಾರ ಭಾಮೈದನ ಇದ್ದಿಲ ಕೊಟ್ಟಿಗೆಗೆ ಹೋದ. ಅಲ್ಲಿ ನೆಲ, ಗೋಡೆ, ತಕ್ಕಡಿ, ಮನುಷ್ಯ ಎಲ್ಲವೂ ಒಂದೇ ಬಣ್ಣ. ಭಾಮೈದ ಕೂರಲು ಹೇಳಲಿಲ್ಲ. ಕೂತರೆ ಪಂಚಾಯಿತಿ ಮುಗಿಯುವುದು ತಡವಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಎಣಿಕೆಯಣ್ಣ ಪಟ್ಟಿ ಕಟ್ಟಿದ ಕೈ ತೋರಿಸಿ, ಡಾಕ್ಟರು ಹೇಳಿದ್ದನ್ನು ಹೇಳಿದ. "ನಿನ್ನ ಇದ್ದಿಲು ಸರಿಯಾಗೇ ಇತ್ತು. ತಪ್ಪು ನಂದು. ಹೊಟ್ಟೆಗೆ ಹಾಕ್ಕೊ," ಎಂದ.

ಭಾಮೈದ ಕೈಯನ್ನೂ ನೋಡಿದ, ಮುಖವನ್ನೂ ನೋಡಿದ. "ಆವತ್ತು ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ರಿ ಭಾವ. ಇವತ್ತು ಇಲ್ಲಿ ಬಂದು ಕಿವೀಲಿ ಹೇಳಿದ್ರೆ ಹೇಗೆ?"

"ಮತ್ತೇನು ಮಾಡ್ಲಿ?"

"ಅದೇ ಜಾಗ, ಅದೇ ಹೊತ್ತು, ಅಷ್ಟೇ ಜೋರು. ಇದ್ದಿಲು ಸರಿ ಇತ್ತು ಅಂದ್ರೆ ಮಾತ್ರ ಸಾಲದು. ಹಾಗಾದ್ರೆ ಯಾಕೆ ಸೀದುಹೋಯ್ತು ಅಂತಾರೆ ಜನ. ಕಾರಣಾನೂ ಹೇಳ್ಬೇಕು."

"ಕಾರಣ ಹೇಳಿದ್ರೆ ಒಲೆ ಹೋಗುತ್ತೆ ಕಣಯ್ಯಾ. ಕೈ ಸತ್ತವನನ್ನ ಕೆಂಡದ ಮುಂದೆ ಯಾರು ನಿಲ್ಲಿಸ್ತಾರೆ?"

"ನನ್ನ ಮೂರು ಗಿರಾಕಿ ಹೋದ್ರಲ್ಲ ಭಾವ," ಎಂದ ಭಾಮೈದ. ಅವನು ಒರಟಾಗಿ ಹೇಳಲಿಲ್ಲ. ಅದು ನಿಜವಾದ್ದರಿಂದ ಒರಟಾಗಿ ಹೇಳುವ ಅಗತ್ಯವಿರಲಿಲ್ಲ.

ಶನಿವಾರ ಹನ್ನೆರಡೂವರೆಗೆ ಡಿಪೋದ ಜನ ಕೈ ಒರೆಸಿಕೊಳ್ಳುತ್ತ ಊಟಕ್ಕೆ ಬಂದರು. ಭಾಮೈದ ಗಾಡಿ ನಿಲ್ಲಿಸಿ, ಎದುರಿನ ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದ. ಎಣಿಕೆಯಣ್ಣ ಹಿತ್ತಲಿನಿಂದ ಊಟದ ಮನೆಯ ನಡುವೆಯೇ ನಡೆದು ಬಂದು ಮುಂಬಾಗಿಲಿನಲ್ಲಿ ನಿಂತ. ಬೆನ್ನ ಹಿಂದೆ ಗಲ್ಲಾದಲ್ಲಿ ಯಜಮಾನಿ ಇದ್ದಾಳೆಂದು ಅವನಿಗೆ ಗೊತ್ತಿತ್ತು. ಆರು ತಿಂಗಳ ಹಿಂದೆ ಕೂಗುವಾಗ ಬಾಯಿ ತಾನಾಗಿ ತೆರೆದುಕೊಂಡಿತ್ತು. ಈಗ ಅದನ್ನು ತೆರೆಯಲು ಕಷ್ಟಪಡಬೇಕಾಯಿತು.

"ಇದ್ದಿಲು ಸರಿಯಾಗಿತ್ತು!" ಎಂದು ಕೂಗಿದ. "ನೀರು ಹಾಕಿರಲಿಲ್ಲ! ನನ್ನ ಕೈ ಸತ್ತಿದೆ! ಬಿಸಿ ತಿಳಿಯಲ್ಲ! ಅದಕ್ಕೇ ಮೀನು ಸೀದುಹೋಯ್ತು!"

ಬೀದಿ ನಿಂತು ಕೇಳಿತು. ಕಟ್ಟೆಯ ಮೇಲಿಂದ ಭಾಮೈದ, "ಆವತ್ತು ಇನ್ನೂ ಜೋರಾಗಿತ್ತು," ಎಂದ.

ಎಣಿಕೆಯಣ್ಣ ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗಿದ. ಈ ಸಲ ಡಿಪೋದೊಳಗೆ ಬಸ್ಸಿನ ಕೆಳಗೆ ಮಲಗಿದ್ದವರೂ ಹೊರಗೆ ತಲೆ ಹಾಕಿದರು. ವರದಿಯ ಮುಖ ಸಣ್ಣದಾಯಿತು. ಅವನಿಗೆ ಒಪ್ಪಿಸಲು ಏನೂ ಉಳಿದಿರಲಿಲ್ಲ. ಭಾಮೈದ ಎದ್ದು ಬಂದು ಗಾಡಿಯಿಂದ ಒಂದು ಚೀಲ ಇಳಿಸಿ, ಆರು ತಿಂಗಳ ಹಿಂದೆ ಎಲ್ಲಿಂದ ಎತ್ತಿಕೊಂಡಿದ್ದನೋ ಅಲ್ಲೇ ಇಟ್ಟ.

ಯಜಮಾನಿ ಹಿತ್ತಲಿಗೆ ಬಂದಳು. "ಕೈ ಇಲ್ಲದೆ ನಾಳೆ ಹೇಗೆ?" ಎಂದು ಕೇಳಿದಳು.

ಉತ್ತರ ಕೊಟ್ಟವಳು ಹೆಂಡತಿ. ಗಂಡ ಕೂಗುವುದನ್ನು ಕೇಳಲು ಅವಳು ಇಸ್ತ್ರಿ ಬಿಟ್ಟು ಬಂದಿದ್ದಳು. ಎರಡೂ ಸಲ ಕೇಳಿದ್ದಳು. "ಅಮ್ಮಾ, ನಾನು ಪೆಟ್ಟಿಗೆ ಬಿಸಿಯಾಯ್ತಾ ಅಂತ ಕೈಯಲ್ಲಿ ನೋಡಲ್ಲ. ಕೆನ್ನೆ ಹತ್ತಿರ ಹಿಡೀತೀನಿ. ಇಷ್ಟು ವರ್ಷದಲ್ಲಿ ಒಂದು ಅಂಗಿ ಸುಟ್ಟಿಲ್ಲ. ಇವರಿಗೆ ಕೆನ್ನೆ ಸರಿಯಾಗೇ ಇದೆ."

"ಅದು ನಿಂಗೆ ಹೇಗೆ ಗೊತ್ತು?" ಎಂದ ಎಣಿಕೆಯಣ್ಣ.

ಹೆಂಡತಿ ಯಜಮಾನಿಯ ಮುಖ ನೋಡಿದಳು. ಯಜಮಾನಿ ಮಾಡಿನ ತಗಡು ನೋಡಿದಳು. "ನಾಳೆಗೆ ಗ್ಯಾಸ್ ಒಲೆ ಬರಲ್ಲ," ಎಂದಳು ಯಜಮಾನಿ ಕೊನೆಗೆ. "ಇವರೇ ನಿಲ್ಲಲಿ. ಆದ್ರೆ ನನ್ನ ಮಾತು ಮಾತೇ. ಒಂದು ತಟ್ಟೆ."

ಅಂದು ಮಧ್ಯಾಹ್ನವೆಲ್ಲ ಕೆನ್ನೆಗೆ ಪಾಠವಾಯಿತು. ಭಾಮೈದ ಜಾಲರಿಯ ಮೇಲೆ ತನ್ನ ಅಂಗೈ ಹಿಡಿದು ಎಣಿಸುವುದು, ನಾಲ್ಕಕ್ಕೆ ಅವನ ಕೈ ಹಿಂದೆ ಬಂದ ಕೂಡಲೇ ಅದೇ ಎತ್ತರದಲ್ಲಿ ಎಣಿಕೆಯಣ್ಣ ಕೆನ್ನೆ ಒಡ್ಡಿ ಎಣಿಸುವುದು. ಹತ್ತಾರು ಸಲ ಮಾಡಿದ ಮೇಲೆ ಗೊತ್ತಾಯಿತು: ಅಂಗೈಯ ನಾಲ್ಕು ಅಂದರೆ ಕೆನ್ನೆಯ ಮೂರು. ಕೆನ್ನೆ ಕೈಯಷ್ಟು ಗಟ್ಟಿಯಲ್ಲ, ಬೇಗ ದೂರು ಹೇಳುತ್ತದೆ. ಮೂವತ್ತೊಂದು ವರ್ಷ ಎದೆ ಸೆಟೆದು ನಿಂತು ಕೈ ಚಾಚುತ್ತಿದ್ದವನು ಈಗ ಸೊಂಟ ಬಗ್ಗಿಸಿ, ತಲೆ ಓರೆ ಮಾಡಿ, ಒಲೆಯ ಗುಟ್ಟು ಕೇಳುವವನಂತೆ ನಿಲ್ಲಬೇಕಾಯಿತು. ಮೀಸೆಯ ಎಡಭಾಗ ಮೂರು ಗಂಟೆಗೇ ಹೋಯಿತು. ಬಲಭಾಗವನ್ನು ಕ್ಷೌರದವನು ನ್ಯಾಯಕ್ಕಾಗಿ ತೆಗೆದ. ಹೆಂಡತಿ ಇಸ್ತ್ರಿ ಮೇಜಿನ ಕಂಬಳಿಯ ಅಂಚು ಕತ್ತರಿಸಿ ಅವನ ಎರಡೂ ಕೈಗೆ ಗವಸು ಹೊಲಿದಳು. "ನಿಮ್ಮ ಕೈ ನಿಮಗೆ ಹೇಳಲ್ಲ, ಇದಾದ್ರೂ ತಡೀಲಿ," ಎಂದಳು.

ಭಾನುವಾರ ಅರವತ್ತು ಜನ ಬಂದರು. ಎಣಿಕೆಯಣ್ಣ ಭಾಮೈದನ ಇದ್ದಿಲು ಹೊತ್ತಿಸಿ, ಬೂದಿ ಹೊದೆಯುವವರೆಗೆ ಕಾದು, ಎಡಕ್ಕೆ ಗುಡ್ಡೆ ಹಾಕಿದ. ಬಗ್ಗಿದ. ಎರಡಕ್ಕೇ ಕೆನ್ನೆ ಸುಟ್ಟಿತು. ಗಾಳಿ ಕಿಂಡಿ ಅರ್ಧ ಮುಚ್ಚಿ ಕಾದ. ಮತ್ತೆ ಬಗ್ಗಿದ: ಮೂರು. ಮೀನು ಹಾಕಿದ. ಅತ್ತೆಮನೆಯಲ್ಲಿ ಎರಡು ಕಡೆ ಬಣ್ಣ ತಿರುಗಿಸಿ, ಉರಿ ಎದ್ದವನ್ನು ತವರಿಗೆ ಸರಿಸಿ, ಮುಚ್ಚಳ ಹಾಕಿ, ಮತ್ತೆ ಬಗ್ಗಿ, ಮತ್ತೆ ಎಣಿಸಿ, ಒಂದೂವರೆ ಗಂಟೆ ಹೀಗೇ ನಡೆಯಿತು. ವರದಿ ತಟ್ಟೆ ತೆಗೆದುಕೊಂಡು ಹೋಗುತ್ತಿದ್ದ, ಬರಿಗೈಯಲ್ಲಿ ಬರುತ್ತಿದ್ದ. ಒಮ್ಮೆಯೂ ಬಾಯಿ ತೆರೆಯಲಿಲ್ಲ. ಅವನ ಇಡೀ ಸೇವೆಯಲ್ಲಿ ಅಷ್ಟು ಹೊಗಳಿಕೆಯನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ.

ಐವತ್ತೆಂಟನೆಯ ತಟ್ಟೆ ವಾಪಸ್ ಬಂತು.

ವರದಿ ಅದನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಅವನ ಹಿಂದೆ ಯಜಮಾನಿ ನಿಂತಿದ್ದಳು. "ಮುಳ್ಳಿನ ಹತ್ತಿರ ಸ್ವಲ್ಪ ಹಸಿ ಅಂದ್ರು," ಎಂದ ವರದಿ. ಅವನ ದನಿಯಲ್ಲಿ ಮೊದಲಿನ ಉತ್ಸಾಹವಿರಲಿಲ್ಲ. ಭಾಮೈದ ಇದ್ದಿಲ ಚೀಲದ ಮೇಲಿಂದ ಎದ್ದು ನಿಂತ. ಎಣಿಕೆಯಣ್ಣ ಗವಸು ಕಳಚತೊಡಗಿದ. ಮಾತು ಅಂದರೆ ಮಾತು. ಅವನು ಅದಕ್ಕೆ ಒಪ್ಪಿಕೊಂಡಿದ್ದ.

ಯಜಮಾನಿ ತಟ್ಟೆ ತೆಗೆದುಕೊಂಡು, ಮೀನನ್ನು ಬೆರಳಿನಿಂದ ತಿರುಗಿಸಿ ನೋಡಿದಳು. "ಮೇಲೆ ಎಲ್ಲೂ ಕಪ್ಪಾಗಿಲ್ಲ," ಎಂದಳು.

"ಇಲ್ಲಮ್ಮಾ."

"ಸೀದಿದ್ರೆ ಏನು ಮಾಡೋಕಾಗ್ತಿತ್ತು?"

"ಏನೂ ಆಗ್ತಿರ್ಲಿಲ್ಲ. ಸೀದದ್ದು ಸೀದದ್ದೇ. ಕಮ್ಮಿ ಬೆಂದಿದ್ರೆ ಇನ್ನೊಂಚೂರು ಬೇಯಿಸಬಹುದು."

"ಹಾಗಾದ್ರೆ ಬೇಯಿಸಿ."

ಅವನು ಅದನ್ನು ತವರಿನ ಕಡೆಗೆ ಇಟ್ಟು ಮುಚ್ಚಳ ಹಾಕಿದ. ನಾಲ್ವರೂ ಆ ಮುಚ್ಚಳವನ್ನೇ ನೋಡುತ್ತ ನಿಂತರು. ಐದು ನಿಮಿಷದ ಮೇಲೆ ವರದಿ ತಟ್ಟೆ ತೆಗೆದುಕೊಂಡು ಹೋದ. ಹೋದವನು ಬರಿಗೈಯಲ್ಲಿ ಬಂದ.

"ಬಂದದ್ದೂ ಒಂದು, ಹೋದದ್ದೂ ಒಂದು," ಎಂದು ಯಜಮಾನಿ ಗಲ್ಲಾಕ್ಕೆ ವಾಪಸ್ ನಡೆದಳು. ಗ್ಯಾಸ್ ಒಲೆಯ ಪುಸ್ತಕ ಮಾರನೆಯ ದಿನ ಅಲುಗಾಡುತ್ತಿದ್ದ ನಾಲ್ಕನೇ ಟೇಬಲ್ಲಿನ ಕಾಲಿನ ಕೆಳಗೆ ಕಾಣಿಸಿತು.

ಅಂದು ಸಂಜೆ ಹೆಂಡತಿ ಎರಡು ಸೀರೆ ಮಡಿಸಿಕೊಂಡು ತಮ್ಮನ ಮನೆಗೆ ಹೊರಟಳು. "ಎಂಟು ದಿನ," ಎಂದಳು. ಅವನು ತಕರಾರು ಮಾಡಲಿಲ್ಲ. ಭಾಮೈದ ಖಾಲಿ ಗಾಡಿಯ ಮೇಲೆ ಗೋಣಿಚೀಲ ಹಾಸಿ ಅಕ್ಕನನ್ನು ಕೂರಿಸಿಕೊಂಡು ತಳ್ಳಿಕೊಂಡು ಹೋದ. ಅವಳ ಸೀರೆಗೆ ಮಸಿಯಾಗುವುದು ಖಂಡಿತವಿತ್ತು. ಬೇರೆಯವರ ಬಟ್ಟೆಯ ಒಂದು ಕಲೆಗೆ ಅರ್ಧ ದಿನ ಕೊರಗುವವಳು ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಎಣಿಕೆಯಣ್ಣ ಒಂಟಿಯಾಗಿ ಮೂರು ದಿನ ಕಳೆದ. ಮಾತ್ರೆ ನುಂಗಿದ, ಚಪ್ಪಲಿ ಹಾಕಿಕೊಂಡೇ ಮನೆಯೊಳಗೆ ಓಡಾಡಿದ. ನಾಲ್ಕನೇ ದಿನ ಬೆಳಿಗ್ಗೆ ತಾನೇ ಸಕ್ಕರೆಯಿಲ್ಲದ ಚಹಾ ಮಾಡಿ, ಲೋಟಕ್ಕೆ ಬಗ್ಗಿಸಿ, ಮುಷ್ಟಿಯಲ್ಲಿ ಹಿಡಿದ. ಆರಿತ್ತು. ಕುಡಿಯಲು ಹೋದವನು ಅರ್ಧಕ್ಕೆ ತಡೆದು, ಲೋಟವನ್ನು ಕೆನ್ನೆಗೆ ಹಿಡಿದ. ಒಂದಕ್ಕೇ ಕೆನ್ನೆ ಹಿಂದೆ ಬಂತು. ಆಮೇಲೆ ಚಹಾ ಹಾಗೇ ಬಿಟ್ಟು, ಬಾಗಿಲಿಗೆ ಬೀಗ ಹಾಕಿ, ಭಾಮೈದನ ಮನೆಯ ಕಡೆ ನಡೆದ.

ಹೆಂಡತಿ ಜಗುಲಿಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಗಂಡನನ್ನು ಕಂಡು ಎದ್ದು, "ಎಂಟು ದಿನ ಅಂದಿದ್ದೆ. ಇವತ್ತಿಗೆ ನಾಲ್ಕೇ ಆಗಿದೆ," ಎಂದಳು.

"ಕರ್ಕೊಂಡು ಹೋಗೋಕೆ ಬಂದಿಲ್ಲ."

"ಮತ್ತೆ?"

ಅವನು ಮೆಟ್ಟಿಲ ಕೆಳಗೆ ನಿಂತೇ ಇದ್ದ. ಬೋಳು ಮೇಲ್ದುಟಿಯನ್ನು ಒರೆಸಿಕೊಂಡ.

"ಚಹಾ ಬಿಸಿಯಾಗೇ ಇತ್ತು ಕಣೇ," ಎಂದ.

"ಯಾವಾಗ?"

"ಯಾವಾಗ್ಲೂ."